ಯುವಜನರ ಹವಾಮಾನ ಹೋರಾಟ: ಚಪ್ಪಾಳೆ ಸಿಕ್ಕಿತು, ಆಮೇಲೆ?

(ಆನ್‌ಲೈನ್ ಚರ್ಚೆ. ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು.)

ನಡುಹಗಲು

1992ರ ರಿಯೋ ಭೂ ಶೃಂಗಸಭೆಯಲ್ಲಿ ಕೆನಡಾದ ಹನ್ನೆರಡು ವರ್ಷದ ಹುಡುಗಿ ಸೆವರ್ನ್ ಕಲಿಸ್-ಸುಜುಕಿ ವೇದಿಕೆ ಹತ್ತಿ, ಸರಿಪಡಿಸೋಕೆ ಬರಲ್ಲ ಅಂದಮೇಲೆ ಕೆಡಿಸೋದನ್ನಾದರೂ ನಿಲ್ಲಿಸಿ ಎಂಬರ್ಥದಲ್ಲಿ ದೊಡ್ಡವರ ಮುಖಕ್ಕೇ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಆಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 356 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 356 ಭಾಗ ಇತ್ತು. 2018ರ ಆಗಸ್ಟ್‌ನಲ್ಲಿ ಹದಿನೈದರ ಗ್ರೇತಾ ಥುನ್‌ಬರ್ಗ್ ಹವಾಮಾನಕ್ಕಾಗಿ ಶಾಲೆ ಬಿಟ್ಟು ಸ್ವೀಡನ್ ಸಂಸತ್ತಿನ ಎದುರು ಹಲಗೆ ಇಟ್ಟುಕೊಂಡು ಒಬ್ಬಳೇ ಕೂತಳು. ಅದೇ ಆಮೇಲೆ ಪ್ರತಿ ಶುಕ್ರವಾರದ ಶಾಲಾ ಮುಷ್ಕರ ಆಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಗತ್ತಿನ ತುಂಬ ಹತ್ತಾರು ಲಕ್ಷ ಜನ ಬೀದಿಗಿಳಿದರು. ಅದಕ್ಕೂ ಚಪ್ಪಾಳೆ. ಈಗ ಆ ಪಿಪಿಎಂ ಅಂಕಿ 420 ದಾಟಿದೆ. 2024ರ ಸರಾಸರಿ ತಾಪಮಾನ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿ ಮೀರಿತು ಅಂತ ವಿಶ್ವ ಹವಾಮಾನ ಸಂಸ್ಥೆಯೇ ಹೇಳಿದೆ.

ಹಾಗಾಗಿ ಕೇಳ್ತಿದ್ದೀನಿ, ಬೇಜಾರಾಗಬೇಡಿ. ಹುಡುಗರ ಮಾತಿಗೆ ಚಪ್ಪಾಳೆ ತಟ್ಟೋದೇ ಕೆಲಸದಿಂದ ತಪ್ಪಿಸಿಕೊಳ್ಳೋ ದಾರಿ ಆಗಿಬಿಟ್ಟಿದೆಯಾ? ಯುವಜನರ ಹೋರಾಟದಿಂದ ಒಂದು ಕಾನೂನು, ಒಂದು ಅಂಕಿ, ಒಂದು ಯೋಜನೆ ನಿಜವಾಗಿ ಬದಲಾದದ್ದು ಯಾರಿಗಾದರೂ ಗೊತ್ತಿದ್ದರೆ ಹೇಳಿ. "ಜಾಗೃತಿ ಮೂಡಿತು" ಅನ್ನೋ ಉತ್ತರ ಬೇಡ.

ಹಳೆ ಕನ್ನಡಕ

ಏನೂ ಬದಲಾಗಿಲ್ಲ, ಬದಲಾಗೋದೂ ಇಲ್ಲ. ಓದೋ ವಯಸ್ಸಲ್ಲಿ ಓದಲಿ. ಒಳ್ಳೆ ಬ್ಯಾಟರಿ, ಅಗ್ಗದ ಸೌರಫಲಕ, ಬರ ತಡೆಯೋ ಬೀಜ, ಇವನ್ನೆಲ್ಲ ಯಾರು ಮಾಡ್ತಾರೆ? ಶುಕ್ರವಾರ ಕ್ಲಾಸು ಬಿಟ್ಟು ಬೀದೀಲಿ ಕೂತವರಲ್ಲ. ನಾನು ಸರ್ಕಾರಿ ಕಡತಗಳ ನಡುವೆ ಇಡೀ ಸರ್ವೀಸು ಕಳೆದವನು. ಘೋಷಣೆಗೆ ಹೆದರಿ ಯಾವ ಕಡತವೂ ಕದಲಿದ್ದು ನಾನು ನೋಡಿಲ್ಲ.

ಇರುವೆಸಾಲು

ಸರ್, ಓದಿ ಮುಗಿಸಿ ಬಾ ಅನ್ನೋದು ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ನೋಡಿ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2018ರ ವರದಿಯಲ್ಲಿ ಹೇಳಿದ್ದೇನು? ಒಂದೂವರೆ ಡಿಗ್ರಿಯೊಳಗೆ ನಿಲ್ಲಬೇಕಾದರೆ 2010ಕ್ಕೆ ಹೋಲಿಸಿ 2030ರ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ಸುಮಾರು 45% ಇಳಿಯಬೇಕು, 2050ರ ಆಸುಪಾಸು ನಿವ್ವಳ ಶೂನ್ಯಕ್ಕೆ (ಬಿಟ್ಟಷ್ಟನ್ನು ವಾಪಸ್ಸು ಹೀರಿಕೊಳ್ಳೋ ಹಂತಕ್ಕೆ) ಬರಬೇಕು ಅಂತ. ಆ ವರದಿ ಬಂದಾಗ ಎಂಟನೇ ಕ್ಲಾಸಲ್ಲಿದ್ದ ಹುಡುಗಿ ಡಿಗ್ರಿ, ಪಿಎಚ್‌ಡಿ ಅಂತ ಮುಗಿಸಿ ಬರೋ ಹೊತ್ತಿಗೆ ಮೊದಲ ಗಡುವು ಕಳೆದಿರುತ್ತೆ.

ಇನ್ನೊಂದು. ಹದಿನೆಂಟಾಗುವವರೆಗೆ ಅವರಿಗೆ ಮತ ಇಲ್ಲ. ಆಸ್ಟ್ರಿಯಾ 2007ರಲ್ಲೇ ಹದಿನಾರಕ್ಕೆ ಮತದಾನದ ಹಕ್ಕು ಕೊಟ್ಟಿತು, ಆದರೆ ಅಂಥ ದೇಶಗಳು ಬೆರಳೆಣಿಕೆ. ಮತಪೆಟ್ಟಿಗೆ ಇಲ್ಲದವರಿಗೆ ಉಳಿದಿರೋದು ಬೀದಿ, ಕೋರ್ಟು ಮತ್ತು ಅರ್ಜಿ. ಬೀದಿಗೆ ಬಂದರೆ ತಪ್ಪು ಅನ್ನೋದಾದರೆ ಇನ್ನೆಲ್ಲಿಗೆ ಹೋಗಬೇಕು?

ಅಡ್ಡಮಾತು

ಯುವಕರ ಪರಿಸರ ಹೋರಾಟ ಅಂದ್ರೆ 2018ಕ್ಕೆ ಹುಟ್ಟಿದ್ದು ಅನ್ನೋ ಹಾಗೆ ಮಾತಾಡ್ತಿದ್ದೀರಲ್ಲ. 1970ರ ಏಪ್ರಿಲ್ 22ರಂದು ಅಮೆರಿಕದಲ್ಲಿ ಮೊದಲ ಭೂ ದಿನ ನಡೆದಾಗ ಸುಮಾರು ಎರಡು ಕೋಟಿ ಜನ ಸೇರಿದ್ದರು, ಬಹುಪಾಲು ಕಾಲೇಜು, ಶಾಲೆಗಳ ಸುತ್ತಲೇ. ಸಂಘಟನೆ ನೋಡಿಕೊಂಡ ಡೆನಿಸ್ ಹೇಯ್ಸ್‌ಗೆ ಆಗ ಇಪ್ಪತ್ತೈದು ವರ್ಷ. ಆ ತಾರೀಕನ್ನು ಆರಿಸಿದ್ದೇ ವಸಂತ ರಜೆಗೂ ಪರೀಕ್ಷೆಗೂ ನಡುವೆ ಬೀಳಲಿ ಅಂತ! ಹಳೆ ಕನ್ನಡಕದವರಿಗೆ ಇದು ಇಷ್ಟ ಆಗಬಹುದು. ಅದೇ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು, ಶುದ್ಧ ಗಾಳಿ ಕಾಯ್ದೆಗೆ ಹಲ್ಲು ಬಂತು.

1983ರಲ್ಲಿ ಉತ್ತರ ಕನ್ನಡದ ಸಲ್ಕಣಿ ಊರಿನವರು ಮರ ಕಡಿಯೋದನ್ನು ತಡೆಯೋಕೆ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡಾಗಲೂ ಮುಂದೆ ನಿಂತದ್ದು ಊರಿನ ಯುವಕ ಮಂಡಳಿಯೇ.

ಕರಿಕೋಟು

ನಡುಹಗಲು ಅವರ ಪ್ರಶ್ನೆ ನೇರವಾಗಿದೆ, ನೇರ ಉತ್ತರವೂ ಇದೆ. ನಾನು ಕಾನೂನು ಓದುತ್ತಿರುವುದರಿಂದ ಕೋರ್ಟಿನ ಕಡೆಯಿಂದ ಹೇಳ್ತೀನಿ. ಸ್ವಲ್ಪ ಉದ್ದವಾಗುತ್ತೆ.

ಜರ್ಮನಿ ಮೊದಲು. ಅಲ್ಲಿನ 2019ರ ಹವಾಮಾನ ಕಾಯ್ದೆಯಲ್ಲಿ 2030ರವರೆಗೆ ಪ್ರತಿ ವರ್ಷದ ಮಿತಿ ಬರೆದಿದ್ದರು. 2030ರ ಆಚೆಗೆ ಏನು ಅನ್ನೋದು ಸರಿಯಾಗಿ ಇರಲೇ ಇಲ್ಲ. ಲೂಯಿಸಾ ನಾಯ್‌ಬಾವರ್ ಮತ್ತಿತರ ಯುವಜನರು ಹಿಡಿದದ್ದು ಅದೇ ಖಾಲಿ ಜಾಗವನ್ನು. ಈಗ ಸಡಿಲ ಬಿಟ್ಟು ಆಮೇಲೆ ಒಮ್ಮೆಗೇ ಬಿಗಿ ಮಾಡಿದರೆ ಆ ಹೊತ್ತಿಗೆ ಬದುಕುವ ನಮ್ಮ ಸ್ವಾತಂತ್ರ್ಯಗಳು ಹೋಗುತ್ತವೆ ಅನ್ನೋದು ವಾದ. 2021ರಲ್ಲಿ ಸಂವಿಧಾನ ನ್ಯಾಯಾಲಯ ಒಪ್ಪಿತು, ಕಾಯ್ದೆಯ ಆ ಭಾಗ ಅಸಾಂವಿಧಾನಿಕ ಎಂದಿತು. ಕೆಲವೇ ತಿಂಗಳಲ್ಲಿ 2030ರೊಳಗೆ ಹೊರಸೂಸುವಿಕೆ ಇಳಿಸೋ ಗುರಿ 55%ನಿಂದ 65%ಗೆ ಏರಿತು, ಇಂಗಾಲ ಸಮತೋಲನದ ವರ್ಷ 2050ರಿಂದ 2045ಕ್ಕೆ ಬಂತು. ಒಂದು ಅಂಕಿ ಕೇಳಿದ್ರಲ್ಲ, ಎರಡು ಕೊಟ್ಟಿದ್ದೀನಿ.

ಅಮೆರಿಕದ ಮೊಂಟಾನಾ ಇನ್ನೂ ಸ್ವಾರಸ್ಯ. ಆ ರಾಜ್ಯದ ಸಂವಿಧಾನದಲ್ಲೇ ಶುದ್ಧ, ಆರೋಗ್ಯಕರ ಪರಿಸರದ ಹಕ್ಕು ಇದೆ. ಆದರೆ ಯೋಜನೆಗಳಿಗೆ ಅನುಮತಿ ಕೊಡುವಾಗ ಹಸಿರುಮನೆ ಅನಿಲಗಳ ಪರಿಣಾಮ ನೋಡಲೇಬಾರದು ಅಂತ ಶಾಸನಸಭೆ ಒಂದು ಕಲಂ ಸೇರಿಸಿಬಿಟ್ಟಿತ್ತು. ಹದಿನಾರು ಮಕ್ಕಳು ಮತ್ತು ಯುವಜನರು ಆ ಕಲಮನ್ನು ಪ್ರಶ್ನಿಸಿದರು. 2023ರ ಆಗಸ್ಟ್‌ನಲ್ಲಿ ಗೆದ್ದರು, 2024ರ ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಅದೇ ದೇಶದಲ್ಲಿ 2015ರಲ್ಲಿ ಇಪ್ಪತ್ತೊಂದು ಯುವಜನರು ಇಡೀ ಕೇಂದ್ರ ಸರ್ಕಾರದ ಇಂಧನ ನೀತಿಯ ಮೇಲೆ ಹಾಕಿದ ಜೂಲಿಯಾನಾ ಪ್ರಕರಣ ವಿಚಾರಣೆಯ ಕಟಕಟೆಗೂ ಬರಲಿಲ್ಲ. ವರ್ಷಗಟ್ಟಲೆ ಎಳೆದಾಡಿ, ಇದನ್ನು ಸರಿಪಡಿಸೋದು ಕೋರ್ಟಿನ ಕೈಯಲ್ಲಿಲ್ಲ ಎಂದು ಕೊನೆಗೆ ವಜಾ ಆಯಿತು. ಭಾರತದಲ್ಲಿ 2017ರಲ್ಲಿ ಒಂಬತ್ತು ವರ್ಷದ ರಿಧಿಮಾ ಪಾಂಡೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹಾಕಿದ ಅರ್ಜಿಯೂ 2019ರಲ್ಲಿ ವಜಾ ಆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಗೆದ್ದವರು ಒಂದು ಕಲಂ ಮೇಲೆ ಬೆರಳಿಟ್ಟು ಇದು ತಪ್ಪು ಅಂದರು. ಸೋತವರು ಇಡೀ ವ್ಯವಸ್ಥೆಯೇ ತಪ್ಪು ಅಂದರು. ಎರಡನೆಯವರು ಹೇಳಿದ್ದು ಸುಳ್ಳಲ್ಲ, ಆದರೆ ನ್ಯಾಯಾಧೀಶರು ಆದೇಶದಲ್ಲಿ ಬರೆಯೋಕೆ ಅವರಿಗೆ ಏನಾದರೂ ಬೇಕಲ್ಲ.

ಹಳೆ ಕನ್ನಡಕ

ಜರ್ಮನಿ ಕಥೆ ಅರ್ಧಕ್ಕೇ ನಿಲ್ಲಿಸಿದಿರಿ. 2024ರಲ್ಲಿ ಅದೇ ಕಾಯ್ದೆಗೆ ತಿದ್ದುಪಡಿ ತಂದು, ಸಾರಿಗೆ, ಕಟ್ಟಡ ಅಂತ ಒಂದೊಂದು ವಲಯಕ್ಕೂ ಇದ್ದ ವಾರ್ಷಿಕ ಕಟ್ಟುಪಾಡನ್ನು ಸಡಿಲ ಮಾಡಿದ್ರು. ಮುಂಬಾಗಿಲಲ್ಲಿ ಕೊಟ್ಟು ಹಿಂಬಾಗಿಲಲ್ಲಿ ತಗೊಂಡರು.

ಮತ್ತೆ, ಯುರೋಪಿನಲ್ಲಿ ಕೊನೆಗೆ ಗೆದ್ದವರು ಯಾರು? ಅಜ್ಜಿಯರು! ಸ್ವಿಟ್ಜರ್ಲೆಂಡಿನ ಅಜ್ಜಿಯರು. ಹುಡುಗರು ಅದೇ ದಿನ ಬರಿಗೈಲಿ ಮನೆಗೆ ಹೋದರು. ಇದನ್ನೂ ಬರೀರಿ.

ಕರಿಕೋಟು

ಖಂಡಿತ ಬರೀತೀನಿ ಸರ್, ನನಗೆ ತುಂಬ ಇಷ್ಟವಾದ ದಿನ ಅದು. 2024ರ ಏಪ್ರಿಲ್ 9, ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ. 2017ರ ಕಾಳ್ಗಿಚ್ಚು ಕಂಡಿದ್ದ ಪೋರ್ಚುಗಲ್‌ನ ಆರು ಯುವಜನರು ತಮ್ಮ ದೇಶವೂ ಸೇರಿ ಮೂವತ್ತಮೂರು ದೇಶಗಳ ಮೇಲೆ ನೇರವಾಗಿ ಅಲ್ಲಿಗೇ ದೂರು ಒಯ್ದಿದ್ದರು. ಬೇರೆ ದೇಶಗಳು ನಿಮ್ಮ ಮಟ್ಟಿಗೆ ವ್ಯಾಪ್ತಿಗೆ ಬರಲ್ಲ, ನಿಮ್ಮ ದೇಶದ ಕೋರ್ಟುಗಳಲ್ಲಿ ಮೊದಲು ಪ್ರಯತ್ನ ಮಾಡಿಲ್ಲ ಎಂದು ಅರ್ಜಿ ಒಳಗೇ ಬರಲಿಲ್ಲ. ಸ್ವಿಸ್ ಹಿರಿಯ ಮಹಿಳೆಯರು 2016ರಿಂದಲೇ ಇಲಾಖೆಗೆ ಅರ್ಜಿ, ಅದು ತಿರಸ್ಕಾರವಾದ ಮೇಲೆ ಕೆಳಗಿನ ಕೋರ್ಟು, ಆಮೇಲೆ ದೇಶದ ಅತ್ಯುನ್ನತ ಕೋರ್ಟು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ, ಎಲ್ಲ ಕಡೆ ಸೋತ ಕಾಗದಗಳನ್ನೇ ಹಿಡಿದುಕೊಂಡು ಬಂದಿದ್ದರು. ಆ ಸೋತ ಕಾಗದಗಳೇ ಅವರಿಗೆ ಬಾಗಿಲು ತೆರೆದವು.

ಇನ್ನೂ ಒಂದು ಸೂಕ್ಷ್ಮ ಇದೆ. ಜೊತೆಗೆ ದೂರು ಕೊಟ್ಟಿದ್ದ ನಾಲ್ಕು ಮಹಿಳೆಯರ ವೈಯಕ್ತಿಕ ಅರ್ಜಿಯನ್ನು ಕೋರ್ಟು ಒಪ್ಪಲಿಲ್ಲ. ಒಪ್ಪಿದ್ದು ಅವರ ಸಂಘದ ಅರ್ಜಿಯನ್ನು. ಒಂಟಿ ಮುಖಕ್ಕಿಂತ ನೋಂದಾಯಿತ ಸಂಘಕ್ಕೆ ಬೆಲೆ ಸಿಕ್ಕಿತು. ಗ್ರೇತಾ ಆಗಬೇಕು ಅಂತ ಹೊರಡುವ ನಮ್ಮಂಥವರು ಇದನ್ನು ನೋಡಬೇಕು ಅನ್ನಿಸುತ್ತೆ.

ಸಣ್ಣಮಳೆ

ನನಗೆ ಹತ್ತೊಂಬತ್ತು. ನನ್ನ ಬಗ್ಗೆಯೇ ಇಷ್ಟೆಲ್ಲ ಮಾತಾಗ್ತಿದೆ, ಹಾಗಾಗಿ ನಾನೂ ಬಾಯಿ ಹಾಕ್ತೀನಿ.

"ನಿಮ್ಮ ಪೀಳಿಗೆಯೇ ನಮ್ಮ ಭರವಸೆ" ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೈ ಉರಿಯುತ್ತೆ. ಒಂದು ಕಾರ್ಯಕ್ರಮಕ್ಕೆ ನಮ್ಮನ್ನು "ಯುವ ಪ್ರತಿನಿಧಿಗಳು" ಅಂತ ಕರೆದಿದ್ದರು. ಕರಡು ಕ್ರಿಯಾಯೋಜನೆ ಬಗ್ಗೆ ಸಮಾಲೋಚನೆ ಅಂತ ಆಹ್ವಾನ. ಹೋದರೆ ಕುರ್ಚಿಯ ಮೇಲೆ ಅಚ್ಚಾದ ಪುಸ್ತಕ, ಹೊಳೆಯೋ ರಕ್ಷಾಪುಟ, ಒಳಗೆ ಆಗಲೇ ಸಹಿ ಆದ ಮುನ್ನುಡಿ. ನಮಗೆ ತಲಾ ಮೂರು ನಿಮಿಷ. ನಾನು ಪುಸ್ತಕದ ಸಾರಿಗೆ ಅಧ್ಯಾಯದ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ನಿರೂಪಕರು "ಎಷ್ಟು ಉತ್ಸಾಹ ನೋಡಿ ಈ ಮಕ್ಕಳಲ್ಲಿ" ಅಂದರು. ಉತ್ತರ ಬರಲಿಲ್ಲ. ಆಮೇಲೆ ಹಸಿರು ಪರದೆ ಮುಂದೆ ನಿಲ್ಲಿಸಿ ಫೋಟೊ.

2021ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಹತ್ತು ದೇಶಗಳ ಹದಿನಾರರಿಂದ ಇಪ್ಪತ್ತೈದು ವಯಸ್ಸಿನ ಹತ್ತು ಸಾವಿರ ಜನರ ಸಮೀಕ್ಷೆ ಬಂತು, ಭಾರತವೂ ಅದರಲ್ಲಿತ್ತು. 59% ಮಂದಿ ಹವಾಮಾನದ ಬಗ್ಗೆ ತುಂಬಾ ಅಥವಾ ವಿಪರೀತ ಚಿಂತೆ ಇದೆ ಎಂದಿದ್ದರು. ನನ್ನ ಗೆಳತಿಯರಲ್ಲೂ ಇದನ್ನೇ ಕಾಣ್ತೀನಿ. ಆ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತ್ತು, ಅದನ್ನು ಯಾರೂ ಎತ್ತಲ್ಲ: ಸರ್ಕಾರಗಳು ಮಾಡ್ತಿರೋದು ಸಾಲದು, ನಮಗೆ ಮೋಸ ಆಗ್ತಿದೆ ಅನ್ನೋ ಭಾವನೆಗೂ ಈ ಸಂಕಟಕ್ಕೂ ನಂಟಿದೆ ಅಂತ. ಅಂದರೆ ಧ್ಯಾನ ಮಾಡು, ಮೊಬೈಲ್ ಕಡಿಮೆ ನೋಡು ಅಂದರೆ ಹೋಗೋ ಚಿಂತೆ ಇದಲ್ಲ.

ಮೇಷ್ಟ್ರು

ಸಣ್ಣಮಳೆ, ನಿನ್ನ ಹಸಿರು ಪರದೆ ಓದಿ ನಗು ಬಂತು, ಸಿಟ್ಟೂ ಬಂತು ಕಣಮ್ಮ. ಶಾಲೆಗಳಲ್ಲಿ ಅದರ ತಮ್ಮ ಇದೆ. ಜೂನ್ 5ರ ಪರಿಸರ ದಿನಕ್ಕೆ ಭಿತ್ತಿಚಿತ್ರ ಸ್ಪರ್ಧೆ, ಭಾಷಣ ಸ್ಪರ್ಧೆ, ಅದೇ ಗುಂಡಿಗೆ ಹೊಸ ಗಿಡ. ನೀರು ಹಾಕುವ ಪಾಳಿ ಯಾರದು ಅಂತ ಯಾರೂ ಬರೆದಿಡಲ್ಲ.

ನಾವು ಬೇರೆ ಒಂದು ಮಾಡಿದೆವು. ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಶಾಲೆಯ ಕರೆಂಟು ಬಿಲ್ಲು ಕೊಟ್ಟೆ. ಬಿಲ್ಲಿನಲ್ಲಿ ಮಂಜೂರಾದ ಲೋಡು ಎಷ್ಟು, ಬಳಸಿದ ಯೂನಿಟ್ ಎಷ್ಟು, ನಿಗದಿತ ಶುಲ್ಕ ಯಾವುದು, ಅದನ್ನು ಓದೋದು ಕಲಿಯೋಕೇ ಸುಮಾರು ಹೊತ್ತು ಹಿಡಿಯಿತು. ಆಮೇಲೆ ಎಲ್ಲ ಕೋಣೆ ಸುತ್ತಿ ಫ್ಯಾನು, ದೀಪ, ಪಂಪು ಪಟ್ಟಿ ಮಾಡಿದರು. ಹಳೆ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತೆ, ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ ಎಷ್ಟು ಗಂಟೆ ತಿರುಗುತ್ತೆ, ವರ್ಷಕ್ಕೆ ಎಷ್ಟು ಯೂನಿಟ್ ಉಳಿಯುತ್ತೆ, ಹಾಕಿದ ದುಡ್ಡು ಯಾವಾಗ ವಾಪಸ್ಸು ಬರುತ್ತೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಆಡಳಿತ ಮಂಡಳಿ ಮುಂದಿಟ್ಟರು. ಖಜಾಂಚಿಗಳು ಎರಡು ಸಲ ಲೆಕ್ಕ ತಿರುವಿ ನೋಡಿ, ಕೆಟ್ಟ ಫ್ಯಾನುಗಳ ಜಾಗಕ್ಕೆ ಇನ್ನುಮುಂದೆ ಹೊಸ ಥರದ್ದೇ ಹಾಕೋಣ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿದರು. ಎಲ್ಲ ಒಮ್ಮೆಗೇ ಬದಲಾಯಿಸಿ ಅಂತ ಮಕ್ಕಳು ಕೇಳಿದ್ದರು, ಅದು ಆಗಲಿಲ್ಲ.

ಭೂಮಿ ಇದರಿಂದ ತಂಪಾಗಲ್ಲ, ಗೊತ್ತು. ಆದರೆ ತೀರ್ಮಾನ ಎಲ್ಲಿ ಬರೆಯಲ್ಪಡುತ್ತೆ ಅನ್ನೋದು ಆ ಮಕ್ಕಳಿಗೆ ತಿಳಿಯಿತು.

ಅಡ್ಡಮಾತು

ಮೇಷ್ಟ್ರೇ, ಒಂದು ತಕರಾರು. ಫ್ಯಾನು, ನಲ್ಲಿ, ಪ್ಲಾಸ್ಟಿಕ್ ಚೀಲ ಅಂತ ಎಲ್ಲವನ್ನೂ ಮನೆ, ಶಾಲೆ ಮಟ್ಟಕ್ಕೆ ಇಳಿಸಿದರೆ ಖುಷಿ ಯಾರಿಗೆ ಗೊತ್ತಾ? ನಿಮ್ಮ ಕಾರ್ಬನ್ ಹೆಜ್ಜೆಗುರುತು ನೀವೇ ಲೆಕ್ಕ ಹಾಕಿ ಅನ್ನೋ ಸಲಕರಣೆಯನ್ನು 2004ರ ಹೊತ್ತಿಗೆ ಜನರ ಬಾಯಿಗೆ ತಂದದ್ದು ಬಿಪಿ, ತೈಲ ಕಂಪನಿ!

ಮೇಷ್ಟ್ರು

ಒಪ್ಪುತ್ತೇನೆ. ಅದಕ್ಕೇ ನಾನು ಮಕ್ಕಳ ಮನೆ ಬಿಲ್ಲು ತರಿಸಲಿಲ್ಲ, ಸಂಸ್ಥೆಯದ್ದು ತರಿಸಿದೆ. ಅಪ್ಪ ಅಮ್ಮನಿಗೆ ಪಾಠ ಹೇಳಿಸೋದು ನನ್ನ ಉದ್ದೇಶ ಆಗಿರಲಿಲ್ಲ.

ಪ್ಲಾಸ್ಟಿಕ್ ಅಂದ್ರಲ್ಲ, ಬಾಲಿ ದ್ವೀಪದ ಮೆಲಾಟಿ, ಇಸಾಬೆಲ್ ವೈಸನ್ ಅಕ್ಕತಂಗಿಯರು 2013ರಲ್ಲಿ ಶುರು ಮಾಡಿದಾಗ ಹನ್ನೆರಡು ಮತ್ತು ಹತ್ತು ವರ್ಷ. ಅವರು ಚೀಲ ಬಳಸಬೇಡಿ ಅಂತ ಮನೆ ಮನೆಗೆ ಹೇಳೋದರಲ್ಲೇ ನಿಲ್ಲಲಿಲ್ಲ, ಗವರ್ನರ್ ಹತ್ತಿರ ನಿಷೇಧವನ್ನೇ ಕೇಳಿದರು. 2019ರಲ್ಲಿ ನಿಷೇಧ ಜಾರಿಗೆ ಬಂತು. ಸಮುದ್ರದ ದಂಡೆಗೆ ಕಸ ಈಗಲೂ ಬರುತ್ತೆ, ಅದು ಬೇರೆ ಮಾತು.

ಕೂಲಿಲೆಕ್ಕ

ಎಲ್ಲರೂ "ಯುವಜನರು" ಅಂತಿದ್ದೀರಿ. ಯಾವ ಯುವಜನರು? ಕ್ಲಾಸು ಬಿಡೋಕೆ ಮೊದಲು ಕ್ಲಾಸು ಬೇಕು. ಸಂಜೆ ಡೆಲಿವರಿಗೆ ಹೋಗೋ ಹುಡುಗ, ಗಣಿ ಕೆಲಸದವರ ಮನೆ ಮಗಳು, ಇವರು ಯಾವ ಫಲಕ ಹಿಡೀಬೇಕು? ಗಣಿ ಮುಚ್ಚಿ ಅನ್ನೋ ಮೊದಲು ಅಲ್ಲಿ ದುಡಿಯೋರಿಗೆ ಏನು ಅಂತ ಹೇಳಬೇಕು. ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಕಾರ್ಮಿಕರಿಗೆ ನ್ಯಾಯಯುತ ಪರಿವರ್ತನೆ ಅನ್ನೋ ಮಾತಿದೆ, ಹೋರಾಟದ ಭಾಷಣಗಳಲ್ಲಿ ಅದು ಕೇಳಿಸೋದು ಅಪರೂಪ.

ಯುನಿಸೆಫ್ 2021ರಲ್ಲಿ ಒಂದು ಸೂಚ್ಯಂಕ ಹೊರತಂದಿತು. ಸುಮಾರು ನೂರು ಕೋಟಿ ಮಕ್ಕಳು ಅತಿ ಹೆಚ್ಚು ಅಪಾಯದ ಮೂವತ್ತಮೂರು ದೇಶಗಳಲ್ಲಿದ್ದಾರೆ. ಆ ದೇಶಗಳೆಲ್ಲ ಸೇರಿ ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಹೊರಬಿಡೋದು 9% ಮಾತ್ರ. ಹಾಗಿದ್ದೂ ಮಾತಾಡೋಕೆ ಮೈಕು ಸಿಗೋದು ಯಾರಿಗೆ? 2020ರ ಜನವರಿಯಲ್ಲಿ, ವಿಶ್ವ ಆರ್ಥಿಕ ವೇದಿಕೆ ಸೇರೋ ದಾವೋಸ್‌ನಲ್ಲಿ ಐವರು ಯುವತಿಯರ ಫೋಟೊ ತೆಗೆದ ಸುದ್ದಿಸಂಸ್ಥೆಯೊಂದು ಉಗಾಂಡದ ವನೆಸ್ಸಾ ನಕಾಟೆಯನ್ನು ಕತ್ತರಿಸಿ ಹಾಕಿತು. ಉಳಿದ ನಾಲ್ವರೂ ಬಿಳಿಯರು. ಆ ಗುಂಪಿನಲ್ಲಿ ಆಫ್ರಿಕಾದಿಂದ ಬಂದವಳು ಅವಳೊಬ್ಬಳೇ.

ಇರುವೆಸಾಲು

ಕೂಲಿಲೆಕ್ಕ ಅಣ್ಣ, ನಿಮ್ಮ ಮಾತು ಸರಿ. ಅದಕ್ಕೇ ನನಗೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಪೆಸಿಫಿಕ್ ದ್ವೀಪಗಳದ್ದು. ದಾವೋಸ್ ಇಲ್ಲ, ಮೈಕೂ ಇಲ್ಲ.

2019ರಲ್ಲಿ ವನುವಾಟುವಿನಲ್ಲಿರುವ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಇಪ್ಪತ್ತೇಳು ಕಾನೂನು ವಿದ್ಯಾರ್ಥಿಗಳು ಒಂದು ತೀರ್ಮಾನಕ್ಕೆ ಬಂದರು: ಹವಾಮಾನದ ವಿಷಯದಲ್ಲಿ ದೇಶಗಳ ಕಾನೂನು ಹೊಣೆ ಏನು ಅಂತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಬಾಯಲ್ಲೇ ಹೇಳಿಸಬೇಕು. ವಿದ್ಯಾರ್ಥಿಗಳು ಆ ಕೋರ್ಟಿಗೆ ಹೋಗೋ ಹಾಗಿಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೇಳಿದರೆ ಕೋರ್ಟು ಸಲಹಾ ಅಭಿಪ್ರಾಯ ಕೊಡುತ್ತೆ. ಸಭೆ ಕೇಳಬೇಕಾದರೆ ಒಂದು ದೇಶ ನಿರ್ಣಯ ಮಂಡಿಸಬೇಕು. ಹಾಗಾಗಿ ಮೊದಲು ದ್ವೀಪಗಳ ನಾಯಕರಿಗೆ ಪತ್ರ ಬರೆದರು. ವನುವಾಟು ಸರ್ಕಾರ ಕೈಗೆತ್ತಿಕೊಂಡಿತು. ಆಮೇಲೆ ನಡೆದದ್ದೆಲ್ಲ ಬೇಜಾರು ಹಿಡಿಸೋ ಕೆಲಸ: ಒಂದೊಂದು ದೇಶದ ಹಿಂದೆ ಬಿದ್ದು, ಪ್ರಶ್ನೆಯ ಒಕ್ಕಣೆ ತಿದ್ದಿ ತಿದ್ದಿ, ಮತ್ತೆ ಒಪ್ಪಿಸೋದು. 2023ರ ಮಾರ್ಚ್ 29ರಂದು ನೂರಾ ಮೂವತ್ತಕ್ಕೂ ಹೆಚ್ಚು ದೇಶಗಳ ಸಹಪ್ರಾಯೋಜನೆಯಲ್ಲಿ ನಿರ್ಣಯ ಒಮ್ಮತದಿಂದ ಪಾಸಾಯಿತು. 2025ರ ಜುಲೈ 23ರಂದು ಕೋರ್ಟು ಸರ್ವಾನುಮತದ ಅಭಿಪ್ರಾಯ ಕೊಟ್ಟಿತು: ಹವಾಮಾನ ಕಾಪಾಡೋದು ದೇಶಗಳ ಕಾನೂನುಬದ್ಧ ಹೊಣೆ, ಅದನ್ನು ಮೀರೋದು ಅಂತಾರಾಷ್ಟ್ರೀಯ ತಪ್ಪು, ನಷ್ಟ ತುಂಬಿಕೊಡುವ ಪ್ರಶ್ನೆಯೂ ಏಳಬಹುದು.

ಸಲಹೆ ಅಷ್ಟೇ, ಯಾರನ್ನೂ ಕಟ್ಟಿಹಾಕಲ್ಲ, ಗೊತ್ತು. ಆದರೆ ಮುಂದೆ ಯಾವುದೇ ದೇಶದ ಕೋರ್ಟಿನಲ್ಲಿ ಇಂಥ ಕೇಸು ಬಂದರೂ ವಕೀಲರು ಇದನ್ನು ಮೇಜಿನ ಮೇಲೆ ಇಡ್ತಾರೆ. ನಡುಹಗಲು, "ಜಾಗೃತಿ" ಬೇಡ ಅಂದಿದ್ದಿರಿ, ಇದು ನಡೆಯುತ್ತಾ?

ನಡುಹಗಲು

ನಡೆಯುತ್ತೆ. ಬೀದಿಗಿಳಿದದ್ದು ಜಾಗತಿಕ ಸುದ್ದಿ ಆಯ್ತು, ಈ ಇಪ್ಪತ್ತೇಳು ಜನರ ಕೆಲಸ ನನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ. ಆದರೂ ಒಂದು ಅನುಮಾನ: 2019ರ ಬೀದಿ ಇಲ್ಲದಿದ್ದರೆ ಅಷ್ಟು ದೇಶಗಳು ಸಹಿ ಹಾಕ್ತಿದ್ವಾ? ಇದಕ್ಕೆ ಉತ್ತರ ಸಿಗಲ್ಲ ಅನ್ಸುತ್ತೆ.

ಹಳೆ ಕನ್ನಡಕ

ಬೀದಿ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಸಣ್ಣಮಳೆ ಬರೆದದ್ದನ್ನು ಓದಿದೆ. ಅಚ್ಚಾದ ಮೇಲೆ ಕರೆದರೆ ಏನೂ ಮಾಡೋಕಾಗಲ್ಲಮ್ಮ, ಅಚ್ಚಿಗೆ ಮುಂಚೆ ಹೋಗಬೇಕು. ದೊಡ್ಡ ಯೋಜನೆ, ಹೊಸ ನಿಯಮ ಅಂದರೆ ಬಹುಪಾಲು ದೇಶಗಳಲ್ಲಿ ಕರಡು ಪ್ರಕಟಿಸಿ ಆಕ್ಷೇಪಣೆಗೆ ಗಡುವು ಕೊಡ್ತಾರೆ. ಭಾರತದಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚೆ ನೋಟಿಸು ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ ಮೂವತ್ತು ದಿನಗಳಲ್ಲಿ ಯುವಕರು ಯಾರೂ ನಮ್ಮ ಮೇಜಿನ ಹತ್ತಿರ ಬರ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಗೇಟಿನ ಹೊರಗೆ ಬರ್ತಿದ್ದರು.

ಮೇಜಿನ ಈಚೆ ಕೂತು ಕಂಡದ್ದನ್ನು ಹೇಳ್ತೀನಿ. ಒಂದೇ ಒಕ್ಕಣೆಯ ಸಾವಿರ ಮಿಂಚಂಚೆ ಬಂದರೆ ಎಲ್ಲ ಸೇರಿಸಿ ಟಿಪ್ಪಣಿಯಲ್ಲಿ ಒಂದೇ ಸಾಲು. ಅದೇ ಯಾರೋ ಒಬ್ಬರು "ವರದಿಯ ಇಂಥ ಪುಟದಲ್ಲಿ ನೀರಿನ ಬಳಕೆ ಇಷ್ಟು ಅಂತಿದೆ, ಅನುಬಂಧದ ಕೋಷ್ಟಕದಲ್ಲಿ ಬೇರೆ ಅಂಕಿ ಇದೆ, ಯಾವುದು ಸರಿ" ಅಂತ ಬರೆದರೆ, ಅದಕ್ಕೆ ಉತ್ತರ ಬರೆಯದೆ ಕಡತ ಮೇಲೆ ಹೋಗೋ ಹಾಗಿಲ್ಲ. ಭೂಮಿತಾಯಿ, ಮುಂದಿನ ಪೀಳಿಗೆ ಅಂತ ಪೀಠಿಕೆ ಹಾಕಬೇಡಿ. ಒಂದು ಪತ್ರಕ್ಕೆ ಒಂದೇ ವಿಷಯ. ಪುಟ, ಪ್ಯಾರಾ ಸಂಖ್ಯೆ ಹಾಕಿ. ಏನು ತಿದ್ದಬೇಕು ಅಂತ ನೀವೇ ವಾಕ್ಯ ಬರೆದುಕೊಡಿ.

ಕರಿಕೋಟು

ಸರ್, ಇದನ್ನೇ ಕಾಲೇಜಿನಲ್ಲಿ ಯಾರೂ ಹೇಳಿಕೊಡಲ್ಲ. ನೀವು ಯಾವತ್ತಾದರೂ ಬಿಡುವು ಮಾಡಿಕೊಂಡು ಒಂದು ಹಳೆ ವರದಿ ಇಟ್ಟು ನಮಗೆ ಓದೋದು ತೋರಿಸ್ತೀರಾ? ಆನ್‌ಲೈನಿನಲ್ಲೇ ಸಾಕು.

ಹಳೆ ಕನ್ನಡಕ

ತೋರಿಸ್ತೀನಿ. ಶುಕ್ರವಾರ ಮಾತ್ರ ಬೇಡ, ಕ್ಲಾಸು ಬಿಟ್ಟು ಬರ್ತೀರಿ.

ಸಣ್ಣಮಳೆ

ಅಂಕಲ್, ಒಂದು ಸಂಶಯ. ಆಕ್ಷೇಪಣೆಯನ್ನು ಮಿಂಚಂಚೆಯಲ್ಲಿ ಕಳಿಸಿದರೆ ಸ್ವೀಕೃತಿ ಕೊಡ್ತಾರಾ? ಹೋದ ಸಲ ನಾವು ಕಳಿಸಿದ್ದಕ್ಕೆ ಏನೂ ಬರಲಿಲ್ಲ. ಬಂದೇ ಇಲ್ಲ ಅಂದುಬಿಟ್ಟರೆ?

ಹಳೆ ಕನ್ನಡಕ

ಅಂತಾರೆ, ಅದಕ್ಕೇ ಮಿಂಚಂಚೆ ಒಂದನ್ನೇ ನಂಬಬೇಡ. ಎರಡು ಪ್ರತಿ ಮುದ್ರಿಸಿ ಸಂಘದ ಹೆಸರಲ್ಲಿ ಸಹಿ ಮಾಡಿ ಖುದ್ದಾಗಿ ಟಪಾಲು ವಿಭಾಗಕ್ಕೆ ಹೋಗಿ. ಒಂದು ಅವರಿಗೆ. ಇನ್ನೊಂದರ ಮೇಲೆ ತಾರೀಕಿನ ಸೀಲು ಮತ್ತು ಆವಕ ಸಂಖ್ಯೆ ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಸೀಲು ಹಾಕಲ್ಲ ಅಂದರೆ ತಲುಪಿದ್ದಕ್ಕೆ ಪುರಾವೆ ಸಿಗೋ ಹಾಗೆ ಸ್ಪೀಡ್ ಪೋಸ್ಟ್. ಗಡುವಿನ ಕೊನೇ ದಿನದವರೆಗೆ ಕಾಯಬೇಡಿ, ಅವತ್ತು ಗುಮಾಸ್ತರು ರಜಾ ಇರ್ತಾರೆ.